ಇಲ್ಲಿ ನಗದು ನಡೆಯುವುದಿಲ್ಲ

ನನ್ನ ಅಂಗಿಗಳೆಲ್ಲ ಎಡಕ್ಕೆ ವಾಲುತ್ತವೆ. ಅಂಗಿಯ ತಪ್ಪೇನೂ ಇಲ್ಲ, ಎಡಜೇಬಿನಲ್ಲಿ ಚಿಲ್ಲರೆ ತುಂಬಿಕೊಂಡು ತಿರುಗುವ ಚಟ ನನ್ನದು. ಒಂದರದು, ಎರಡರದು, ಐದರದು, ಹತ್ತರದು ಎಲ್ಲ ಅಲ್ಲಿ ಕೂಡಿ ಬಾಳುತ್ತವೆ. ಜೇಬಿನ ಹೊಲಿಗೆ ಎರಡು ತಿಂಗಳು ತಡೆದರೆ ಹೆಚ್ಚು. "ನಿಮ್ಮ ಕಿಸೆ ಹೊಲಿಯೂ ಹೊತ್ತಿನ್ಯಾಗ ನಾ ಎರಡು ಕೌದಿ ಹೊಲದಿರತಿದ್ದೆ" ಎಂದು ಹೆಂಡತಿ ಗೊಣಗುತ್ತಾಳೆ. ನನ್ನ ಅಂಗಿ ಬಟ್ಟೆ ಒಗೆಯುವ ಮಶೀನಿಗೆ ಬಿದ್ದ ದಿನವಂತೂ ಒಳಗಿನಿಂದ ತಾಳದ ಸದ್ದು. ಪಕ್ಕದ ಮನೆಯವರು ಗೋಡೆಯಾಚೆಯಿಂದಲೇ, "ಏನ್ರಿ ವಕೀಲ್ರ, ಮನ್ಯಾಗ ಭಜನಿ ಇಟ್ಟೀರೇನು?" ಎಂದು ಕೇಳುತ್ತಾರೆ.

ನಾನು ವಕೀಲನಲ್ಲ. ಹುನಗುಂದದ ಕೋರ್ಟಿನ ಗೇಟಿನ ಹೊರಗೆ ಒಂದು ಮೇಜು, ಒಂದು ಕುರ್ಚಿ, ಒಂದು ತಗಡಿನ ಪೆಟ್ಟಿಗೆ ಇಟ್ಟುಕೊಂಡು ಅರ್ಜಿ ಬರೆದುಕೊಡುವವನು. ಹಳ್ಳಿಯಿಂದ ಬಂದವರು ಮೊದಮೊದಲು ಮರ್ಯಾದೆಗೆಂದು ವಕೀಲ್ರ ಅಂದರು, ನಾನು ತಿದ್ದಲಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಈಗ ತಿದ್ದಲು ಹೋದರೆ ಇಷ್ಟು ದಿನ ಸುಳ್ಳು ಹೇಳಿದ ಅಪವಾದ ಬರುತ್ತದೆ. ಹಾಗಾಗಿ ಸುಮ್ಮನಿದ್ದೇನೆ. ನಿಜವಾದ ವಕೀಲರೂ ನನ್ನನ್ನು ವಕೀಲ್ರ ಎಂದೇ ಕರೆದು ನಗುತ್ತಾರೆ.

ಇಷ್ಟು ಓದಿದ ಮೇಲೆ ನನ್ನನ್ನು ಫೋನಿನಲ್ಲಿ ರೊಕ್ಕ ಹಾಕುವುದರ ವೈರಿ ಎಂದು ತಿಳಿಯಬೇಡಿ. ನನ್ನ ಮೇಜಿನ ಮೇಲೂ ಆ ಚೌಕುಳಿ ಚಿತ್ರದ ಹಲಗೆ ಇದೆ, ರೊಕ್ಕ ಬಂದೊಡನೆ ಕೂಗಿ ಹೇಳುವ ಡಬ್ಬಿಯೂ ಇದೆ. ಅದರಿಂದ ಒಂದೇ ತೊಂದರೆ. ಮೊದಲು ನನ್ನ ಗಳಿಕೆ ಎಷ್ಟೆಂದು ನನಗೂ ದೇವರಿಗೂ ಮಾತ್ರ ಗೊತ್ತಿತ್ತು. ಈಗ "ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಅದು ಒದರಿದಾಗ ಇಡೀ ಕೋರ್ಟಿನ ಆವರಣ ತಿರುಗಿ ನೋಡುತ್ತದೆ. ಎದುರಿನ ಚಹಾದಂಗಡಿಯವನು ಅಲ್ಲಿಂದಲೇ, "ಇವತ್ತು ಭಾರೀ ಕೇಸ್ ಬಂದೇತಿ" ಎನ್ನುತ್ತಾನೆ. ಮಾನ ಹೋದರೂ ಅನುಕೂಲ ಅನುಕೂಲವೇ. ಹಾಕುವವರು ಹಾಕಲಿ. ಆದರೆ ನಾಣ್ಯ ಕೊಡಲು ಬಂದವರ ಕೈಯನ್ನು ತಳ್ಳಬಾರದು ಎಂಬುದು ನನ್ನ ಮಾತು, ಮತ್ತು ಆ ಮಾತು ನನಗೆ ಹುಟ್ಟಿನಿಂದ ಬಂದದ್ದಲ್ಲ. ನನ್ನ ಕೈಯಿಂದಲೇ ಆದ ಒಂದು ತಪ್ಪಿನಿಂದ ಬಂದದ್ದು.

ಆ ತಪ್ಪಿಗೆ ಬರುವ ಮೊದಲು ನೀವು ನನ್ನ ಚಿಗವ್ವನನ್ನು ನೋಡಬೇಕು. ಅವ್ವನ ತಂಗಿ ನೀಲವ್ವ. ಬಾದಾಮಿ ಹತ್ತಿರದ ಚೊಳಚಗುಡ್ಡದವಳು. ನಾನು ಹುಟ್ಟಿ ಬೆಳೆದದ್ದೂ ಅಲ್ಲೇ, ಅವಳ ಮನೆಯ ಎದುರಿನ ಮನೆಯಲ್ಲಿ. ಬನಶಂಕರಿ ಗುಡಿಗೆ ಬರುವವರಿಗೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಕರಿ ಗಡಿಗೆಯ ಮೊಸರು ಮಾರುವ ಹೆಂಗಸರಿದ್ದಾರಲ್ಲ, ಅವರಲ್ಲಿ ಒಬ್ಬಳಾಗಿ ಅವಳು ಮೊಣಕಾಲು ಸವೆಸಿದಳು. ಎಪ್ಪತ್ತು ದಾಟಿದ ಮೇಲೆ ಬುಟ್ಟಿ ಹೊತ್ತು ಗುಡಿಯ ಸುತ್ತ ಓಡಾಡುವುದು ಆಗದೆ, ಬಡಿದ ಖಡಕ್ ರೊಟ್ಟಿಯನ್ನು ಎರಡು ದೊಡ್ಡ ಗಂಟು ಕಟ್ಟಿ ಪ್ರತಿ ಸೋಮವಾರ ಇಳಕಲ್ಲಿನ ಒಂದು ಖಾನಾವಳಿಗೆ ತಾನೇ ಬಸ್ಸಿನಲ್ಲಿ ಒಯ್ದು ಕೊಟ್ಟು ಬರತೊಡಗಿದಳು. ಖಾನಾವಳಿಯವರು ಕೊಟ್ಟ ರೊಕ್ಕ ಅವಳ ಸೆರಗಿಗೆ.

ಅವಳ ಸೆರಗಿನದೇ ಒಂದು ಶಾಸ್ತ್ರ. ಇಳಕಲ್ ಸೀರೆಯ ಕೆಂಪು ಸೆರಗಿನ ತುದಿಗೆ ಎರಡು ಗಂಟು. ಒಂದು ಹೋಗುವ ಗಂಟು, ಒಂದು ಬರುವ ಗಂಟು. ಹೋಗುವ ಗಂಟಿನಲ್ಲಿ ಹೋಗುವುದಕ್ಕೆ ಬೇಕಾದಷ್ಟು, ಬರುವ ಗಂಟಿನಲ್ಲಿ ಮರಳಿ ಬರುವುದಕ್ಕೆ ಬೇಕಾದಷ್ಟು. ದಾರಿಯಲ್ಲಿ ಬಳೆಗಾರ ಕಂಡರೂ, ಬಾಯಿ ಒಣಗಿ ಚಹಾ ಬೇಕೆನಿಸಿದರೂ ಬರುವ ಗಂಟಿಗೆ ಕೈ ಹಚ್ಚುವಂತಿಲ್ಲ. "ಹೋಗೂದು ಯಾರರ ಕರಕೊಂಡು ಹೋಗ್ತಾರ, ಬರೂದು ನಾವ ಬರಬೇಕು" ಎನ್ನುತ್ತಿದ್ದಳು.

ಒಮ್ಮೆ ನನ್ನನ್ನೂ ಕರೆದುಕೊಂಡು ಪಟ್ಟದಕಲ್ಲಿಗೆ ಹೊರಟಳು. ನನಗಾಗ ಆರೇಳು ವರ್ಷವಿರಬೇಕು. ಬಸ್ಸು ಹತ್ತುವ ಮುಂಚೆ ಹೋಗುವ ಗಂಟು ಬಿಚ್ಚಿ, ನನ್ನ ಅರ್ಧ ಟಿಕೀಟಿನ ನಾಣ್ಯ ನನ್ನ ಕೈಗೇ ಕೊಟ್ಟು, "ನಿನ್ನ ಟಿಕೀಟು ನೀನ ತಗಿ, ಗಂಡಸದೀ" ಎಂದಳು. ಎಂಥ ಜವಾಬ್ದಾರಿ! ನನ್ನ ಚಡ್ಡಿಯ ಜೇಬಿಗೆ ತೂತಿತ್ತು. ಕೈಯಲ್ಲಿ ಹಿಡಿದರೆ ಬೆವರಿಗೆ ಜಾರುತ್ತಿತ್ತು. ಭದ್ರವಾದ ಜಾಗ ಎಂದರೆ ಬಾಯಿ ಎಂದು ತಿಳಿದು ಗಲ್ಲದೊಳಗೆ ಇಟ್ಟುಕೊಂಡೆ. ಬಾದಾಮಿ ದಾಟಿ ಸ್ವಲ್ಪ ದೂರ ಹೋಗಿರಬೇಕು, ಬಸ್ಸು ಒಂದು ತಗ್ಗಿಗೆ ಬಿದ್ದು ಎದ್ದಿತು. ನಾಣ್ಯ ಗುಳುಂ ಆಯಿತು.

ಕಂಡಕ್ಟರು ಬಂದು, "ಎಲ್ಲೈತಿ ರೊಕ್ಕ?" ಎಂದ. ನಾನು ಹೊಟ್ಟೆ ತೋರಿಸಿದೆ. ಅವನು ಬಗ್ಗಿ ನನ್ನ ಹೊಟ್ಟೆಗೆ ಕಿವಿ ಹಚ್ಚಿ, ಇಡೀ ಬಸ್ಸಿಗೆ ಕೇಳುವಂತೆ, "ಐತಿ ಐತಿ, ಒಳಗೈತಿ. ಬಸ್ಸಿನ್ಯಾಗನ ಐತಲ್ಲ, ಎಲ್ಲಿ ಹೋಗತೈತಿ? ಕುಂದ್ರು" ಎಂದು ಟಿಕೀಟು ಹರಿದು ಕೊಟ್ಟ. ಮಂದಿ ಬಿದ್ದು ಬಿದ್ದು ನಕ್ಕರು. ಚಿಗವ್ವ ನಗಲಿಲ್ಲ. ತನ್ನ ಪಾಲಿನಿಂದ ಇನ್ನೊಂದು ನಾಣ್ಯ ತೆಗೆದು ಕಂಡಕ್ಟರನ ಕೈಯಲ್ಲಿಟ್ಟಳು. "ಇರಲಿ ಬಿಡಬೇ ಯಕ್ಕಾ" ಎಂದರೂ ಕೇಳಲಿಲ್ಲ. "ಹುಡುಗ ನುಂಗಿದ್ದು ನಮ್ಮ ರೊಕ್ಕ. ನಿನ್ನ ಹಂಗ್ಯಾಕ ನಮಗ?" ಎಂದಳು. ನುಂಗಿದ ನಾಣ್ಯ ಮೂರನೆಯ ದಿನ ಲೋಕಕ್ಕೆ ಮರಳಿತು. ಅದನ್ನು ಅವಳು ಏನು ಮಾಡಿದಳೆಂದು ನಾನು ಕೇಳಿಲ್ಲ, ನೀವೂ ಕೇಳಬೇಡಿ.

ಈಗ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳಿಗೆ ಟಿಕೀಟಿನ ಚಿಂತೆ ಇಲ್ಲ. ಆದರೆ ರೊಟ್ಟಿಯ ಗಂಟಿಗೆ ಇದೆ. "ನೋಡೋ ಈರಾ, ನಾ ಪುಕ್ಕಟೆ, ನನ್ನ ರೊಟ್ಟಿಗೆ ರೊಕ್ಕ! ಸರಕಾರಕ್ಕ ನನಗಿಂತ ರೊಟ್ಟಿ ದೊಡ್ಡದಾತು" ಎಂದು ಅವಳು ನನಗೆ ಹೇಳಿ ನಗುತ್ತಿದ್ದಳು. ಇಳಕಲ್ಲಿಗೆ ಹೋಗಲು ನಡುವೆ ಒಂದು ಊರಲ್ಲಿ ಅವಳು ಬಸ್ಸು ಬದಲಿಸಬೇಕು. ಆ ಊರಿನ ಹೆಸರು ನಾನು ಹೇಳುವುದಿಲ್ಲ. ಹುನಗುಂದವೋ ಬಾದಾಮಿಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಎರಡೂ ಅಲ್ಲ. ಅಲ್ಲಿ ಸೋಮವಾರ ಸಂತೆ, ಸಂತೆಗೆ ಬಂದವರ ಅರ್ಜಿ ಬರೆಯಲು ನಾನೂ ನನ್ನ ಪೆಟ್ಟಿಗೆ ಹೊತ್ತು ಹೋಗಿ ನಿಲ್ದಾಣದ ಬೇವಿನ ಗಿಡದ ಕೆಳಗೆ ಕೂಡುತ್ತೇನೆ. ಹೀಗಾಗಿ ವಾರಕ್ಕೊಮ್ಮೆ ಚಿಗವ್ವನ ದರ್ಶನ, ಜೊತೆಗೆ ನನ್ನ ಹೆಸರಿನ ಎರಡು ರೊಟ್ಟಿ.

ಆ ನಿಲ್ದಾಣದಲ್ಲಿ ಬಸ್ಸಿಗೆ ಹಾಕುವ ಸಾಮಾನಿಗೆ ಚೀಟಿ ಕೊಡುವ ಕಿಟಕಿಯನ್ನು ಒಬ್ಬ ಗುತ್ತಿಗೆದಾರನಿಗೆ ವಹಿಸಿದ್ದಾರೆ. ಕಿಟಕಿಯೊಳಗೆ ಕೂಡುವವನು ರಫೀಕ, ಒಳ್ಳೆಯವನು. ಒಂದು ದಿನ ಅವನು ಗಿಡದ ಕೆಳಗೆ ಬಂದು, "ವಕೀಲ ಕಾಕಾ, ಒಂದು ಬೋರ್ಡ್ ಬರಸಬೇಕಾಗೇತಿ. ಮಾಲಕರು ಇನ್ನ ಮ್ಯಾಲೆ ಬರೇ ಫೋನಿನ್ಯಾಗ ತಗೋ ಅಂದಾರ. ‘ರೊಕ್ಕ ತಗೊಳ್ಳಂಗಿಲ್ಲ’ ಅಂತ ಬರಸಲೇನ್ರಿ?" ಎಂದು ಕೇಳಿದ.

ನನಗೆ ನಗು ಬಂತು. "ಏ ಹುಚ್ಚಪ್ಪಾ, ಬೋರ್ಡಿನ ಮ್ಯಾಲೆ ಹಂಗ ಬರೀತಾರೇನೋ? ನಾಕು ಮಂದಿ ಓದೂದು ಅದು" ಎಂದು, ಕಾಗದ ತೆಗೆದು, ಮೂವತ್ತು ವರ್ಷದ ನನ್ನ ಭಾಷಾಪಾಂಡಿತ್ಯವನ್ನೆಲ್ಲ ಕೂಡಿಸಿ, ದುಂಡಗೆ ಬರೆದುಕೊಟ್ಟೆ: ‘ಇಲ್ಲಿ ನಗದು ನಡೆಯುವುದಿಲ್ಲ.’ ರಫೀಕ ಎರಡು ಸಲ ಓದಿ, "ಭಾರೀ ಐತ್ರಿ ಕಾಕಾ" ಎಂದು ಚಹಾ ಕುಡಿಸಿದ. ಆ ಚಹಾ ಭಾಳ ರುಚಿಯಾಗಿತ್ತು. ಈ ಬೋರ್ಡು ಯಾರ ಹೊಟ್ಟೆಯ ಮೇಲೆ ಬೀಳುತ್ತದೆ ಎಂದು ಕ್ಷಣವೂ ಯೋಚಿಸಲಿಲ್ಲ ನಾನು.

ಮುಂದಿನ ಸೋಮವಾರ ಚಿಗವ್ವ ಗಂಟು ಇಳಿಸಿಕೊಂಡು ಕಿಟಕಿಗೆ ಹೋದವಳು ಸ್ವಲ್ಪ ಹೊತ್ತಿಗೆ ನನ್ನನ್ನು ಕೈ ಮಾಡಿ ಕರೆದಳು. "ಇವ ಬೋರ್ಡ್ ತೋರಸಾಕತ್ತಾನ. ನಂಗ ಓದಾಕ ಬರೂದಿಲ್ಲ. ಏನ್ ಬರದಾರೋ ಅದರಾಗ?"

ನಾನು ಹೆಮ್ಮೆಯಿಂದಲೇ ಓದಿದೆ. "ಇಲ್ಲಿ ನಗದು ನಡಿಯೂದಿಲ್ಲ."

ಚಿಗವ್ವ ಕಣ್ಣು ಅಗಲಿಸಿದಳು. "ಇಲ್ಲಿ ನಗೂದು ನಡಿಯೂದಿಲ್ಲಾ? ಯಾಕೋ ತಮ್ಮಾ, ಯಾರರ ಸತ್ತಾರೇನು?" ಎಂದವಳೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕಿಟಕಿಯೊಳಗೆ ಬಗ್ಗಿ, "ಯಾರಪಾ? ನಿಮ್ಮ ಮನಿಯವರೇನು? ಅಯ್ಯ ಶಿವನ, ಎಂಥಾ ಹೊತ್ತಿನ್ಯಾಗ ಬಂದ್ನಿ ನಾ" ಎಂದು ರಫೀಕನನ್ನು ಸಂತೈಸತೊಡಗಿದಳು.

ಸರತಿಯಲ್ಲಿದ್ದವರೆಲ್ಲ ನಕ್ಕರು, ಸತ್ತವರ ಮನೆಯವನಾದ ರಫೀಕನೂ ನಕ್ಕ. ನಮ್ಮ ಸೀಮೆಯಲ್ಲಿ ರೊಕ್ಕಕ್ಕೆ ರೊಕ್ಕ ಎನ್ನುತ್ತಾರೆ. ನಗುವುದಕ್ಕೆ ನಗೂದು ಎನ್ನುತ್ತಾರೆ. ನಗದು ಎಂಬುದನ್ನು ಬಾಯಿ ಬಿಟ್ಟು ಯಾರೂ ಅಂದದ್ದನ್ನು ನಾನು ಕೇಳಿಲ್ಲ, ಅದು ನನ್ನಂಥವರ ಕಾಗದದಲ್ಲಿ ಮಾತ್ರ ಇರುವ ಶಬ್ದ. ನಾನು ಅರ್ಥ ಬಿಡಿಸಿ ಹೇಳಿದೆ. ಚಿಗವ್ವನ ಮುಖ ಸಣ್ಣದಾಯಿತು. ಬಿಚ್ಚಿದ ಗಂಟಿನ ನಾಣ್ಯಗಳನ್ನು ಅಂಗೈಯಲ್ಲಿ ಹಿಡಿದು ಅವನ ಕಡೆ ಚಾಚಿದಳು. "ಇದು ರೊಕ್ಕ ಅಲ್ಲೇನೋ ಹಂಗಾರ?"

"ರೊಕ್ಕ ಹೌದಬೇ ಯಮ್ಮಾ. ನಾ ತಗೊಂಡ್ರ ಮಾಲಕರು ನನ್ನ ಬಿಡಸ್ತಾರ. ಸ್ಕ್ಯಾನ್ ಮಾಡ್ರಿ" ಎಂದ ರಫೀಕ.

"ಸ್ಕ್ಯಾನ್ ಬಾಗಲಕೋಟಿ ದವಾಖಾನ್ಯಾಗ ಮಾಡಸೇನಿ. ಏನಿಲ್ಲ ಅಂದಾರ" ಎಂದಳು ಚಿಗವ್ವ. ಈ ಸಲ ಯಾರೂ ನಗಲಿಲ್ಲ. ಇಳಕಲ್ಲಿನ ಬಸ್ಸು ಹಾರ್ನು ಹೊಡೆಯುತ್ತಿತ್ತು. ನಾನು ಅವಸರದಿಂದ ನನ್ನ ಫೋನು ತೆಗೆದು ಅವಳ ರೊಟ್ಟಿಯ ಗಂಟಿನ ರೊಕ್ಕ ಹಾಕಿ ಚೀಟಿ ಇಸಿದುಕೊಂಡೆ. ಅವಳು ನಾಣ್ಯಗಳನ್ನು ನನಗೆ ಕೊಡಲು ಬಂದಳು. "ಇರಲಿ ಬಿಡು ಚಿಗವ್ವಾ, ನಾ ಬ್ಯಾರೇನು?" ಎಂದೆ. ನನ್ನ ಜನ್ಮದಲ್ಲಿ ನಾನು ಆಡಿದ ದಡ್ಡ ಮಾತುಗಳಲ್ಲಿ ಅದು ಮೊದಲನೆಯದು. ಅವಳು ನಾಣ್ಯಗಳನ್ನು ನನ್ನ ಪೆಟ್ಟಿಗೆಯ ಮೇಲೆ ಸುರಿದು, "ಇಷ್ಟು ವರ್ಷ ಯಾರ ಹಂಗಿನ್ಯಾಗೂ ಬಸ್ ಹತ್ತಿಲ್ಲ ನಾ" ಎಂದು ಹೇಳಿ ಹೋದಳು. ಅವತ್ತು ನನ್ನ ಎರಡು ರೊಟ್ಟಿ ಕೊಡಲಿಲ್ಲ.

ಮುಂದಿನ ಸೋಮವಾರ ಅವಳು ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಚೊಳಚಗುಡ್ಡಕ್ಕೆ ಹೋದೆ. ಹುಷಾರಾಗಿಯೇ ಇದ್ದಳು, ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಅವಳು ಸುಮ್ಮನೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಮಗ ಸಂಗಪ್ಪ ಕೆಟ್ಟವನಲ್ಲ, ಅವ್ವನ ಮೇಲೆ ಜೀವ ಇಟ್ಟವನು. "ಅಣ್ಣಾ, ಫೋನ್ ಇಲ್ಲದ ಮುದಿಕಿ ಒಬ್ಬಾಕಿನ ಅಲ್ಲಿ ಹೋಗಿ ಒದ್ದಾಡೂದು ಬ್ಯಾಡ ಅಂದ್ನಿ. ನಂಗ ಬಿಡುವಾದಾಗ ನಾನ ರೊಟ್ಟಿ ಒಯ್ತೇನಿ. ಖಾನಾವಳಿಯವರಿಗೂ ಹೇಳೇನಿ, ರೊಕ್ಕ ನನ್ನ ಫೋನಿಗೆ ಹಾಕ್ತಾರ. ಅವ್ವಗ ಆರಾಮ" ಎಂದ.

ಅವನು ಒಳಗೆ ಹೋದ ಮೇಲೆ ಚಿಗವ್ವ ಮೆಲ್ಲಗೆ ಹೇಳಿದಳು. "ನಿನ್ನೆ ಎಲಿಅಡಿಕಿಗೆ ರೊಕ್ಕ ಕೊಡೋ ಅಂತ ಅವನ್ನ ಕೇಳಿದ್ನೋ ಈರಾ. ಕೊಟ್ಟ, ಇಲ್ಲ ಅನ್ನಲಿಲ್ಲ. ಎದಕ ಅಂತ ಕೇಳಿದ, ಅಷ್ಟ."

ಅವಳ ಸೆರಗಿನ ತುದಿಯನ್ನು ನೋಡಿದೆ. ಎರಡೂ ಗಂಟು ಇರಲಿಲ್ಲ. ನನಗೆ ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಬೋರ್ಡು ಬರೆದವನು ನಾನು. ಅಳಿಸಬೇಕಾದವನೂ ನಾನೇ ಎಂದು ಅಲ್ಲಿ ಕೂತಲ್ಲೇ ನಿಶ್ಚಯಿಸಿದೆ. ಪೆಟ್ಟಿಗೆ ತೆರೆದು ಅವಳ ಕಟ್ಟೆಯ ಮೇಲೆಯೇ ಅರ್ಜಿ ಬರೆದೆ.

ಸಾವಿರಾರು ಅರ್ಜಿ ಬರೆದಿದ್ದೇನೆ, ಎಲ್ಲವೂ ‘ಸವಿನಯ ಪ್ರಾರ್ಥನೆ’ಯಿಂದ ಶುರುವಾಗುತ್ತವೆ. ಇದರಲ್ಲಿ ಆ ಶಬ್ದ ಬಿಟ್ಟೆ. ಸರಕಾರ ಅಚ್ಚು ಹಾಕಿದ ರೊಕ್ಕ ಬಸ್ಸಿನ ನಿಲ್ದಾಣದಲ್ಲಿ ನಡೆಯದಿದ್ದರೆ ಇನ್ನೆಲ್ಲಿ ನಡೆಯಬೇಕು ಎಂದು ಕೇಳಿದೆ. ಫೋನಿದ್ದವರು ಫೋನಿನಲ್ಲಿ ಕೊಡಲಿ, ಕೈಯಲ್ಲಿ ರೊಕ್ಕ ಇದ್ದವರು ಕೈಯಲ್ಲಿ ಕೊಡಲಿ ಎಂದೆ. ಬಸ್ಸು ಇರುವುದು ಜನ ಹೋಗಿ ಬರುವುದಕ್ಕೆ, ಮಗನನ್ನು ಕೇಳಿ ಹೋಗುವುದಕ್ಕಲ್ಲ ಎಂದೂ ಬರೆದೆ. ಗಟ್ಟಿಯಾಗಿ ಓದಿ ಹೇಳಿದಾಗ ಚಿಗವ್ವ, "ಭಾಳ ಉದ್ದ ಆತು" ಎಂದಳು, ಆದರೆ ಹೆಬ್ಬೆಟ್ಟು ಒತ್ತಿದಳು.

ನಿಲ್ದಾಣದ ಸಾಹೇಬರು ಅರ್ಜಿ ಓದಿ, "ಕಾಲ ಬದಲಾಗೇತ್ರಿ ವಕೀಲ್ರ. ಚಿಲ್ಲರಿಗೆ ದಿನಾ ಜಗಳ, ಹರಕು ನೋಟು, ಸಂಜಿಗೆ ಲೆಕ್ಕ ತಪ್ಪಿದ್ರ ಆ ರಫೀಕ ಕೈಲೆ ತುಂಬಬೇಕು" ಎಂದರು. ಮಾತು ಸುಳ್ಳಲ್ಲ. ರಫೀಕನ ಕಷ್ಟವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. "ಜಗಳ ಆಗತೈತಿ ಅಂತ ಮಂದೀನ ಬ್ಯಾಡ ಅನ್ನಾಕ ಬರೂದಿಲ್ರಿ" ಎಂದೆ. ಅವರು ಅರ್ಜಿಯ ಮೂಲೆಯಲ್ಲಿ ‘ಪರಿಶೀಲಿಸಲಾಗುವುದು’ ಎಂದು ಬರೆದರು. ಆ ಶಬ್ದದ ಆಯುಷ್ಯ ಎಷ್ಟೆಂದು ನನಗಿಂತ ಚೆನ್ನಾಗಿ ತಿಳಿದವರು ಯಾರು?

ಅವತ್ತಿನಿಂದ ಪ್ರತಿ ಸೋಮವಾರ ನನ್ನ ತಗಡಿನ ಪೆಟ್ಟಿಗೆ ಹೊತ್ತು ಕಿಟಕಿಯ ಮುಂದೆ ನಿಂತೆ. "ಪೆಟಗಿಗೆ ಒಂದು ಚೀಟಿ ಕೊಡು" ಎಂದು ಚಿಲ್ಲರೆ ಒಳಗೆ ದೂಡುವುದು, ರಫೀಕ ಹೊರಗೆ ದೂಡುವುದು. ನಾನು ಮತ್ತೆ ಒಳಗೆ. ಅವನು ಮತ್ತೆ ಹೊರಗೆ. "ಕಾಕಾ, ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ" ಎಂದು ಬೇಡಿಕೊಂಡ. "ನಿನ್ನ ಮ್ಯಾಲೆ ಸಿಟ್ಟಿಲ್ಲಪಾ. ನಿಮ್ಮ ಮಾಲಕರಿಗೆ ಫೋನ್ ಹಚ್ಚು, ವಕೀಲ್ರು ಸರದ ನಿಲ್ಲವಲ್ರು ಅಂತ ಹೇಳು" ಎಂದೆ. ಹಿಂದಿನವರು ಬೈದರು. ಒಬ್ಬ, "ವಯಸ್ಸಾದ ಮ್ಯಾಲೆ ಹುಚ್ಚು ಹಿಡಿದೈತಿ" ಎಂದ. ನನಗೂ ಹಾಗೆಯೇ ಅನಿಸುತ್ತಿತ್ತು, ಆದರೆ ಕಾಲು ಕೀಳಲಿಲ್ಲ.

ಮೂರನೆಯ ಸೋಮವಾರ ನನ್ನ ಹಿಂದೆ ಇಳಕಲ್ಲಿನ ಒಬ್ಬ ನೇಕಾರರು ಸೀರೆಯ ಗಂಟಿನೊಂದಿಗೆ ನಿಂತಿದ್ದರು. ಏನಿದು ಜಗಳ ಎಂದು ಕೇಳಿದರು. ಹೇಳಿದೆ. ಅವರ ಕೈಯಲ್ಲಿ ಫೋನು ಆಗಲೇ ಸಿದ್ಧವಾಗಿತ್ತು. ಅದನ್ನು ಜೇಬಿಗಿಳಿಸಿ ಐವತ್ತರ ನೋಟು ತೆಗೆದು, "ನಂದೂ ರೊಕ್ಕಾನ ಐತಿ, ತಗೋ" ಎಂದರು. ಅವರ ಹಿಂದೆ ಉಳ್ಳಾಗಡ್ಡಿ ಚೀಲ ಇಳಿಸಿದ್ದ ಹೆಂಗಸಿನ ಹತ್ತಿರ ಮೊದಲೇ ಕೈರೊಕ್ಕ ಬಿಟ್ಟು ಬೇರೆ ಏನೂ ಇರಲಿಲ್ಲ. ಸರತಿ ಗೇಟಿನ ತನಕ ಬೆಳೆಯಿತು. ಊಟಕ್ಕೆ ಕೂತಿದ್ದ ಸಾಹೇಬರು ಕೈ ಒರೆಸಿಕೊಳ್ಳುತ್ತ ಓಡಿ ಬಂದರು.

"ಏನ್ ಹಟಾರೀ ಇದು ವಕೀಲ್ರ?"

"ಹಟಾನ ಅಂತ ತಿಳೀರಿ ಸಾಹೇಬ್ರ. ಮುಂದಿನ ಸೋಮವಾರಾನೂ ಇರತೈತಿ, ಅದರ ಮುಂದಿನ ಸೋಮವಾರಾನೂ ಇರತೈತಿ."

ಅವರು ಸರತಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಬದಿಗೆ ಹೋಗಿ ಗುತ್ತಿಗೆದಾರನಿಗೆ ಫೋನು ಹಚ್ಚಿ ಬಹಳ ಹೊತ್ತು ಮಾತಾಡಿದರು. ಆಮೇಲೆ, "ತಗೋಪಾ ರಫೀಕ, ಫೋನೂ ತಗೋ, ರೊಕ್ಕಾನೂ ತಗೋ. ಬೋರ್ಡ್ ತಗಿ" ಎಂದರು. ರಫೀಕನಿಗೆ ಚಿಲ್ಲರೆ ಇರಲಿಲ್ಲ. ನನ್ನ ಎಡಜೇಬನ್ನು ಪೂರಾ ಅವನ ಗಲ್ಲಾಪೆಟ್ಟಿಗೆಗೆ ಸುರಿದು ನೋಟು ಇಸಿದುಕೊಂಡೆ.

ಮುಂದಿನ ಸೋಮವಾರ ಚಿಗವ್ವ ಬಂದಳು. ಸಂಗಪ್ಪ ಕೂಡ ಬರುತ್ತೇನೆಂದನಂತೆ, ದನಕ್ಕೆ ನೀರು ಕುಡಿಸು ಎಂದು ಬಿಟ್ಟು ಬಂದಿದ್ದಳು. ನಾನು ಉತ್ಸಾಹದಿಂದ ಅವಳಿಗಿಂತ ಮೊದಲು ಕಿಟಕಿಗೆ ಹೋಗಿ ನಿಂತರೆ, "ನೀ ಸರದ ನಿಂದ್ರು" ಎಂದಳು. ಸರಿದು ನಿಂತೆ. ಹೋಗುವ ಗಂಟನ್ನು ಹಲ್ಲಿನಿಂದ ಸಡಿಲಿಸಿ, ನಾಣ್ಯಗಳನ್ನು ಒಂದೊಂದಾಗಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. "ಲಗೂ ಮಾಡಬೇ ಯಮ್ಮಾ, ಬಸ್ ಬಿಡ್ತಾರ" ಎಂದು ಹಿಂದಿನವನೊಬ್ಬ ಅವಸರಿಸಿದ. "ಬಿಟ್ರ ಇನ್ನೊಂದು ಬರತೈತಿ" ಎಂದು ಅವಳು ಮತ್ತೊಮ್ಮೆ ಎಣಿಸಿದಳು. ರಫೀಕ ಚೀಟಿ ಕೊಟ್ಟ. ನನ್ನ ರೊಟ್ಟಿ ನನಗೆ ಸಿಕ್ಕವು, ಈ ಸಲ ನಾಲ್ಕು.

ಗಂಟುಗಳನ್ನು ಮೇಲೇರಿಸಿ ಅವಳು ಬಸ್ಸಿನಲ್ಲಿ ಕೂತ ಮೇಲೆ ನಾನು ಕೆಳಗೆ ನಿಂತೆ. ಅವಳು ಹೊರಗೆ ತಲೆ ಹಾಕಿ, "ನಾಳೆ ಬಾಗಲಕೋಟಿಗೆ ಹೊಂಟೇನೋ ಈರಾ. ಅಲ್ಲೂ ಒಂದು ಖಾನಾವಳಿಯವರು ರೊಟ್ಟಿ ಕೇಳ್ಯಾರ" ಎಂದಳು.

"ಬಾಗಲಕೋಟಿಗೆ? ಯಾರ ಜೋಡಿ ಹೋಗ್ತೀ ಚಿಗವ್ವಾ? ಸಂಗಪ್ಪ ಬರ್ತಾನೇನು?"

ಬಸ್ಸು ಹೊರಟಿತು. ಅವಳು ನನ್ನ ಮುಖವನ್ನೇ ನೋಡಿ ಹಣೆ ಬಡಿದುಕೊಂಡಳು.

"ಅಷ್ಟುದ್ದ ಅರ್ಜಿ ಬರದೀ, ಅದರಾಗ ಏನ್ ಬರದೀ ಅನ್ನೂದು ನಿನಗ ತಿಳೀಲಿಲ್ಲಲ್ಲೋ! ಒಬ್ಬಾಕಿನ ಹೋಗ್ತೇನಿ."